ಕೈಪಿಡಿ

ಕೌವೊಲಾ ಜಂಕ್ಷನ್ನಿನ ಹಿಂದೆ, ಔಷಧಿ ಅಂಗಡಿಯ ಮೇಲೆ
ಹೆಲ್ವಿಯ ಕೋಣೆ. ಎರಡು ಕುರ್ಚಿ, ಒಂದು ಕಿಟಕಿ,
ಕಿಟಕಿಯ ಕಟ್ಟೆಯಲ್ಲಿ ಜೆರೇನಿಯಂ ಕುಂಡ,
ಕುಂಡದ ಅಡಿಯಲ್ಲಿ ಇಲಾಖೆ ಕಳಿಸಿದ ಕೈಪಿಡಿ:
ಆಘಾತಕ್ಕೆ ಹದಿನಾರು ಭೇಟಿ, ನೂರಾ ಎಂಬತ್ತು ಪುಟ,
ರಟ್ಟಿನ ಮೇಲೆ ನೀರಿನ ಉಂಗುರ.

‘ದುಃಖಕ್ಕೂ ಪಾಠಪಟ್ಟಿಯೇ?
ಅಡುಗೆ ಪುಸ್ತಕ ಓದಿ ಯಾರ ಹೊಟ್ಟೆ ತುಂಬಿದೆ?’
ಮಂಗಳವಾರದ ಸಭೆಯಲ್ಲಿ ಇಷ್ಟು ಹೇಳಿದರೆ ಸಾಕು,
ಹಳಬರೆಲ್ಲ ನಗುತ್ತಾರೆ.
ಯೊನ್ನಾ ನಗುವುದಿಲ್ಲ. ಮೊನ್ನೆ ಸೇರಿದ ಹುಡುಗಿ,
ಪುಟಪುಟಕ್ಕೂ ಬಣ್ಣದ ಚೀಟಿ ಅಂಟಿಸಿಕೊಂಡವಳು.
ಅವಳ ಬಳಿ ಬಂದವರು ರಾತ್ರಿ ನಿದ್ದೆ ಮಾಡುತ್ತಾರಂತೆ.
ಅದೊಂದೇ ಹೆಲ್ವಿಗೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು.

ಗೂಡ್ಸ್ ರೈಲಿನ ಚಾಲಕ ಎಸ್ಕೊ
ಏಳು ವಾರ ಬಂದ, ಕೋಟು ಬಿಚ್ಚದೆ ಕೂತ, ಎದ್ದು ಹೋದ.
ಮೌನಕ್ಕೆ ತನ್ನ ದಾರಿ ತನಗೆ ಗೊತ್ತು
ಎಂದು ಇವಳೂ ಕಾದಳು.
ಮೌನಕ್ಕೆ ಏನೂ ಗೊತ್ತಿರಲಿಲ್ಲ.

ಎಂಟನೆಯ ವಾರ, ಬೂಟಿನ ಹಿಮ ಕರಗುವುದನ್ನೇ ನೋಡುತ್ತ ಅಂದ:
‘ನಮಗೂ ಒಂದು ಪುಸ್ತಕ ಇದೆ.
ಹಳಿಯ ಮೇಲೆ ಮನುಷ್ಯ ಕಂಡರೆ
ಹಾರ್ನ್. ತುರ್ತು ಬ್ರೇಕ್. ಕಂಟ್ರೋಲಿಗೆ ಕರೆ.
ಇಳಿದು ನೋಡಬೇಡ.
ಅವತ್ತು ಇಂಜಿನ್ನಿನಲ್ಲಿ ನಾನಿರಲಿಲ್ಲ, ಡಾಕ್ಟರೇ.
ಪುಸ್ತಕವೇ ನನ್ನ ಕೈ ಎತ್ತಿಕೊಂಡು ಹೋಗಿ
ಬ್ರೇಕಿನ ಹಿಡಿಯ ಮೇಲೆ ಇಟ್ಟಿತು.
ಆಮೇಲಿನದಕ್ಕೆ ಅದರಲ್ಲಿ ಪುಟವಿಲ್ಲ.
ನಿಮ್ಮಲ್ಲಿದೆಯೇ?’

ಹೆಲ್ವಿ ಎದ್ದಳು. ಕುಂಡವನ್ನು ನೆಲಕ್ಕಿಳಿಸಿದಳು.
ಒದ್ದೆಯಾಗಿ ಒಣಗಿ ಅಂಟಿಕೊಂಡ ಹಾಳೆಗಳನ್ನು
ಉಗುರಿನಿಂದ ಬಿಡಿಸಿದಳು.
ಮೂರನೆಯ ಭೇಟಿ. ರೈಲಿನ ವೇಳಾಪಟ್ಟಿ ಓದುವ ದನಿಯಲ್ಲಿ ಓದಿದಳು:
‘ಆ ದಿನ ಎದ್ದಲ್ಲಿಂದ ಶುರುಮಾಡಿ.
ಈಗ ನಡೆಯುತ್ತಿರುವಂತೆ ಹೇಳಿ.
ಕಣ್ಣು ಮುಚ್ಚುವುದು, ಬಿಡುವುದು ನಿಮ್ಮಿಷ್ಟ.’

ಎಂಥ ಸಪ್ಪೆ ವಾಕ್ಯ!
ಅವನು ಕೋಟು ಬಿಚ್ಚಿದ. ಮಡಚಿ ತೊಡೆಯ ಮೇಲಿಟ್ಟುಕೊಂಡ.
‘ನಾಲ್ಕು ಹತ್ತು. ಕತ್ತಲೆ.
ಥರ್ಮಾಸಿನ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ…’

ಸೇತುವೆಯವರೆಗೆ ಬಂದ. ಸಿಗ್ನಲ್ಲಿನವರೆಗೆ.
ಹಳದಿ ಜಾಕೆಟ್ಟು ಎಂದ. ನಿಂತ.

ಇಲ್ಲಿ ಪುಸ್ತಕ ಹೇಳುತ್ತದೆ:
ಸೊನ್ನೆಯಿಂದ ನೂರರೊಳಗೆ ಸಂಕಟ ಎಷ್ಟು, ಕೇಳಿ.
ಹೆಲ್ವಿ ಆ ಸಾಲು ನೋಡಿದಳು,
ಕೋಟಿನ ಗುಂಡಿ ಹಿಡಿದ ಅವನ ಬೆರಳು ನೋಡಿದಳು.
ಕೇಳಲಿಲ್ಲ. ಪುಸ್ತಕ ಮುಚ್ಚಲೂ ಇಲ್ಲ.
ಸಾಲು ತಪ್ಪದಂತೆ ಅದರ ಮೇಲೆ ಹೆಬ್ಬೆರಳು ಇಟ್ಟುಕೊಂಡು
ಕೂತಳು,
ಕೆಳಗೆ ಕೋತ್ಕಾದ ಗೂಡ್ಸು
ಒಂದೊಂದೇ ಡಬ್ಬಿಯಾಗಿ ದಾಟುವ ತನಕ.