ಕಾವಲಿನ ಅಕ್ಕಿ

ದೂಮಣ್ಣನ ಕಣ್ಣಿಗೆ ಪೊರೆ. ಪೇಪರು ನಾನೇ ಓದಬೇಕು
ಕೊಯಿಪ್ಪಾಡಿ ಕಡಪ್ಪುರದಲ್ಲಿ, ಬಲೆ ಒಣಗುವ ಹೊತ್ತಿಗೆ.
ಊರಸುದ್ದಿ ಬೇಡ ಅವನಿಗೆ, ಸತ್ತವರ ಪುಟವೂ ಬೇಡ.
"ವಿದೇಶ ಓದು ಮಾರಾಯ."

ಓದಿದೆ: ಅಮೆರಿಕ ಯುರೋಪಿಗೆ ಹೇಳಿದೆಯಂತೆ,
ಕಾವಲು ಬೇಕಾದರೆ ಖರ್ಚು ತೆರಬೇಕು,
ಇಲ್ಲವೋ, ನಿಮ್ಮ ಮನೆ, ನಿಮ್ಮ ಬಾಗಿಲು.

ಬೀಡಿ ಮರಳಿಗೆ ಒತ್ತಿದ.
ಮೂವತ್ತೊಂದು ವರ್ಷ ಡೆಕ್ಕು ತೊಳೆದವನು, ಕೊನೆಗೆ ಬೋಸನ್.

"ಎಂಬತ್ತಮೂರರಲ್ಲಿ ಟೆಕ್ಸಸ್ಸಿನಿಂದ ಹೊರಟೆವು.
ಹಡಗಿನ ಹೊಟ್ಟೆಯಲ್ಲಿ ಟಾರ್ಪಾಲು ಹೊದ್ದ ಟ್ಯಾಂಕುಗಳು,
ಕಾಗದದಲ್ಲಿ ಮಾತ್ರ ಯಂತ್ರದ ಬಿಡಿಭಾಗ.
ಬ್ರೆಮರ್‌ಹಾವನ್ನಿನ ಗೇಟಿನಲ್ಲಿ ಮಳೆಗೆ ನಿಂತಿದ್ದರು
ಹೆಂಗಸರು, ಬೋರ್ಡು ಹಿಡಿದು.
ಓದಲು ಬರಲಿಲ್ಲ, ನಮಗಿಲ್ಲಿ ಬರುವ ಮಲಯಾಳ ನೋಟೀಸಿನ ಹಾಗೆ.
ಆದರೂ ಬೇಡ ಅನ್ನುವ ಮುಖ ಎಲ್ಲಿಯಾದರೂ ಗೊತ್ತಾಗುತ್ತದೆ.
ಒಬ್ಬಳು ಬಿಸಿ ಸೂಪು ಕೊಟ್ಟಳು.
ಕುಡಿದೆ.
ಕುಡಿದು, ಹೋಗಿ ಟ್ಯಾಂಕು ಇಳಿಸಿದೆ.

ಈಗ ತಂಗಿಯ ಮಗ ಗ್ಯಾಸಿನ ಹಡಗಿನಲ್ಲಿ.
ಯಾವ ಊರಿನ ಒಲೆಗೆ ಹೊರಟದ್ದೋ, ನಡುಗಡಲಲ್ಲಿ ಫೋನು:
ಯುರೋಪಿನಲ್ಲಿ ರೇಟು ಜಾಸ್ತಿ, ತಿರುಗಿಸಿ.
ತಿರುಗಿಸಿದರು. ಅವರ ಚಳಿಗೆ ಮರುಗಿ ಅಲ್ಲ."

ಪಾಪ ಯುರೋಪು, ಅಂದೆ.

ನಕ್ಕ. ಕೆಮ್ಮು ಬರುವಷ್ಟು ನಕ್ಕ.
ಕಾಣದ ಕಣ್ಣಲ್ಲೇ ಅಳಿವೆಯ ಕಡೆ ಕೈ ಮಾಡಿದ:
"ಇಲ್ಲೇ ಅಲ್ಲವಾ, ಕುಂಬಳೆಯ ಅರಸ
ಪರಂಗಿಗಳಿಗೆ ವರ್ಷಾವರ್ಷ ಮುಡಿ ಅಕ್ಕಿ ಅಳೆದದ್ದು,
ಕಡಲ ಕಾವಲಿಗೆ ಅಂತ?
ಯಾರಿಂದ ಕಾವಲು, ಕೇಳಿದನಂತೆ ಅರಸ.
ನಮ್ಮಿಂದಲೇ, ಅಂದರಂತೆ ಅವರು.
ನಮ್ಮಜ್ಜಿ ಹೇಳುತ್ತಿದ್ದಳು. ಸುಳ್ಳೋ ನಿಜವೋ.
ಆ ಸೇರು ಈಗ ತಿರುಗಿ ಅವರ ಅಂಗಳಕ್ಕೇ ಹೋಗಿದೆ."

ಹಾಗಾದರೆ ಖುಷಿಯಾ ನಿನಗೆ?

ತುಂಬ ಹೊತ್ತು ಮಾತಾಡಲಿಲ್ಲ.
ಬಲೆಯ ಅಂಚಿನ ಹಗ್ಗ ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದ.

"ಹಡಗು ಕಟ್ಟಿದ ಹಗ್ಗ ಹರಿಯುವ ಮೊದಲು
ಸಣ್ಣಗೆ ಗುಂಯ್ಗುಡುತ್ತದೆ. ಕೇಳಿದವ ಓಡಬೇಕು.
ಹರಿದರೆ ಹಡಗಿಗೇನಿಲ್ಲ, ದಕ್ಕೆಗೂ ಏನಿಲ್ಲ.
ಆಂಟ್‌ವರ್ಪಿನಲ್ಲಿ ರೊದೆಲ್ ಅಂತ ಒಬ್ಬ, ಮನಿಲಾದ ಹುಡುಗ,
ಓಡಲಿಲ್ಲ. ಹಾಡು ಅಂದುಕೊಂಡನೋ ಏನೋ.
ಮೊಣಕಾಲಿನ ಕೆಳಗೆ ಬರೀ ಬೂಟು ಸಿಕ್ಕಿತು."

ಪೇಪರು ಮಡಚಿದೆ. ಗಾಳಿ ತಿರುಗಿತ್ತು.

"ಆ ಸೂಪಿನವಳಿಗೆ ಮೊಮ್ಮಗ ಇದ್ದರೆ," ಅಂದ,
"ಈಗ ಪಟ್ಟಾಳಕ್ಕೆ ಸೇರುವ ಪ್ರಾಯ."