ಏಳನೆಯ ಸಾಲು

ಆರು ಸಾಲು ಯಾರೋ ಅಚ್ಚುಕಟ್ಟಾಗಿ ತುಂಬಿದ್ದರು:
ಹೆಸರು ಎರಿಕ್ ಥ್ವೇಟ್ಸ್. ವಯಸ್ಸು ಎಪ್ಪತ್ತೊಂದು.
ವಾರ್ಡು ಹನ್ನೆರಡು. ಕೆಮ್ಮು, ನಾಲ್ಕು ತಿಂಗಳು.
ಎಕ್ಸ್‌ರೇಯಲ್ಲಿ ಬಲಕ್ಕೆ ನೆಲ್ಲಿಕಾಯಿ ಗಾತ್ರದ ನೆರಳು.
ಅನುಮಾನ ಕ್ಯಾನ್ಸರ್, ಅಲ್ಲವಾದರೆ ಕ್ಷಯ.
ಏಳನೆಯದು ಪರದೇಶ ಪ್ರಯಾಣ.
ಅಲ್ಲೊಂದು ಅಡ್ಡಗೆರೆ.

ಅಡ್ಡಗೆರೆಯನ್ನು ನಂಬಿದೆ.
ನಂಬದೆ ಏನು ಮಾಡಲಿ, ದಿನಕ್ಕೆ ಇನ್ನೂರು ಡಬ್ಬಿ,
ಮಿಡಲ್ಸ್‌ಬರೋದ ಕಫವೆಲ್ಲ ನಮ್ಮ ಕಿಟಕಿಗೇ.

ಶುಕ್ರವಾರ ತಟ್ಟೆಯಲ್ಲಿ ಬೆಳ್ಳಗೆ ಏನೋ ಹಬ್ಬಿತ್ತು
ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟುವ ಬೂಷ್ಟಿನ ಹಾಗೆ.
ಅವ್ವನಾದರೆ ಒಣ ಚಮಚದಲ್ಲಿ ಮೇಲುಮೇಲೆ ತೆಗೆದು
ಎಣ್ಣೆ ಹೊಯ್ದು ಸುಮ್ಮನಾಗುತ್ತಿದ್ದಳು.
ಗಾಳಿಯಿಂದ ಬಿದ್ದದ್ದಿರಬೇಕು, ಅಂದುಕೊಂಡೆ.
ಮುಚ್ಚಳ ಎತ್ತಿದೆ. ಒಂದು ಬೆರಳಿನಷ್ಟು.
ಆಗ ಉಸಿರು ಒಳಗಿತ್ತೋ ಹೊರಗಿತ್ತೋ
ಈಗ ನೆನಪಿಸಿಕೊಳ್ಳುತ್ತಿದ್ದೇನೆ.

ಸೋಮವಾರ ಮಹಡಿಯಿಂದ ಮರ್ವಿನ್ ಓಡುತ್ತ ಬಂದ.
ಶ್ವಾಸಕೋಶದಿಂದ ಕತ್ತರಿಸಿದ ಚೂರಿನಲ್ಲಿ
ದುಂಡುದುಂಡು ಚೀಲ, ಒಡೆದರೆ ಒಳಗೆ ದಾಳಿಂಬೆ,
ಒತ್ತೊತ್ತಾಗಿ ಬೀಜ.
‘ಇದು ನಮ್ಮ ನೆಲದ್ದಲ್ಲ, ಮರುಭೂಮಿಯದು.
ಆ ತಟ್ಟೆ ಎಲ್ಲಿದೆ? ಯಾರು ತೆರೆದರು?’

ಮೊದಲು ವಾರ್ಡಿಗೆ ಫೋನು ಮಾಡಿದೆ.
ಆತನ ಇಂಗ್ಲಿಷು ನನ್ನ ಕಿವಿಗೆ
ಯಾಕೋ ಗದಗಿನ ಮಾತಾಗಿಯೇ ಬಿತ್ತು.
‘ಎಲ್ಲಿಗೆ ಹೋಗಿದ್ದಿರಿ?’
‘ಎಲ್ಲೂ ಇಲ್ಲವಾ. ಮೂವತ್ತೆಂಟು ವರ್ಷ ಕ್ರೇನಿನ ಮ್ಯಾಲೆ,
ಆಮ್ಯಾಲೆ ಪಾರಿವಾಳ ಸಾಕೀನಿ, ಅಷ್ಟ.’
‘ಚಳಿಗಾಲಕ್ಕೆ ಮೊದಲು?’
‘ತಮ್ಮನ ಮನೀಗೆ.’
‘ತಮ್ಮನ ಮನೆ ಎಲ್ಲಿ?’
‘ಅರಿಝೋನಾ.’

ಅಮ್ಮನ ಒಂದು ಗೋಡೆ ಗಡಿಯಾರಕ್ಕಾಗಿ
ಹತ್ತೊಂಬತ್ತು ವರ್ಷ ಮಾತು ಬಿಟ್ಟಿದ್ದರಂತೆ.
ಹೋದಮೇಲೂ ಮಾತು ಹೊರಡಲಿಲ್ಲ. ಇಬ್ಬರೂ
ಬೇಲಿಗೆ ಗುಂಡಿ ತೋಡಿದರು, ಹನ್ನೊಂದು.
ಗಿರಣಿಯ ಹಿಟ್ಟಿನಂತೆ ಹಾರುತ್ತಿತ್ತಂತೆ ನೆಲ,
ಮೂಗು ಬಾಯಿ ಹುಬ್ಬು ಎಲ್ಲ ಕೆಂಪು,
ಎಂಟನೆಯ ಗುಂಡಿಗೆ ತಮ್ಮ ನಕ್ಕನಂತೆ.
‘ಡಾಕ್ಟರು ಕೇಳಿದ್ದು ಪ್ರವಾಸ.
ತಮ್ಮನ ಮನೀಗೆ ಹೋಗೂದು ಪ್ರವಾಸ ಆಗತೈತೇನು?’

ಆಗುವುದಿಲ್ಲ. ನಾನೂ ಗದಗಿಗೆ ಹೋದರೆ
ಊರಿಗೆ ಹೋಗಿಬಂದೆ ಅನ್ನುತ್ತೇನೆ.
ಆ ಸಾಲಿಗೆ ಊರು ಅಂದರೆ ತಿಳಿಯದು.

ಕ್ಯಾನ್ಸರ್ ಅಲ್ಲ, ಬೂಷ್ಟು, ಅಂದರಂತೆ ಡಾಕ್ಟರು.
ವರ್ಷದ ಮಾತ್ರೆ, ಯಾರಿಗೂ ಅಂಟುವುದಿಲ್ಲ.
‘ಬೂಷ್ಟಾ!’ ಎಂದು ನಕ್ಕು, ನಗು ಕೆಮ್ಮಾಗಿ, ಕೆಮ್ಮು ಮುಗಿದು,
‘ಕ್ಲಿಫರ್ಡಗ ಹೇಳಬ್ಯಾಡ್ರಿ,
ಬೇಲಿ ಕಿತ್ತು ಒಗದಾನು.’

ಕೆಮ್ಮಿನಿಂದ ಅಂಟದು, ನಿಜ.
ತಟ್ಟೆಯ ಮಾತು ಬೇರೆ. ತಟ್ಟೆಯಲ್ಲಿ ಅದು
ಮತ್ತೆ ಮರುಭೂಮಿಯ ದೂಳೇ.

ಈಗ ಅದು ಟೇಪು ಸುತ್ತಿಕೊಂಡು ಬೀಗದ ಕೋಣೆಯಲ್ಲಿದೆ.
ನನ್ನ ಎಡಗೈಯ ರಕ್ತ ಎರಡು ಕೊಳವೆ ತುಂಬಿದೆ.
ಮರ್ವಿನ್ ಹೊಸ ನಮೂನೆ ತಂದಿಟ್ಟು
ನನ್ನ ಮುಖ ನೋಡದೆ ಹೋದ.
ಹೆಸರು ನೀಲಾಂಬಿಕೆ ಸವಡಿ. ವಯಸ್ಸು ನಲವತ್ತಾರು.
ಕೆಮ್ಮು: ಇನ್ನೂ ಇಲ್ಲ.

ಏಳನೆಯ ಸಾಲಿಗೆ ಬಂದು ಪೆನ್ನು ನಿಂತಿತು.
ಅಡ್ಡಗೆರೆ ಎಳೆಯಲಿಲ್ಲ. ಬರೆದೆ:
ಶುಕ್ರವಾರ. ಮೂರನೆಯ ಮೇಜು.
ಒಂದು ಬೆರಳಿನಷ್ಟು.