ಅರ್ಧ ತಿರುವು

ಲಿಂಗರಾಜಪುರದ ಮೂರನೇ ಕ್ರಾಸಿನಲ್ಲಿ, ನಸುಕಿನ ನಾಲ್ಕಕ್ಕೆ,
ಮುಚ್ಚಳ ಎತ್ತಿ, ಆಳೆತ್ತರದ ಕಬ್ಬಿಣದ ಕೀಲಿ ಇಳಿಬಿಟ್ಟು
ಹದಿನಾಲ್ಕು ಸುತ್ತು ತಿರುಗಿಸುತ್ತೇನೆ.
ಕಾವೇರಿ ನೆಲದಡಿ ಹೊರಳಿದ್ದು
ಮೊದಲು ಅಂಗಾಲಿಗೆ ಗೊತ್ತಾಗುತ್ತದೆ, ಆಮೇಲೆ ಕಿವಿಗೆ.
ಅಜ್ಜ ಕೆರೆಯ ನೀರುಗಂಟಿ. ನಾನು ಬೋರ್ಡಿನ ವಾಲ್ವ್‌ಮನ್.

ಈ ಸುತ್ತಿಗೇ ಸೊಂಟ ಹೋಯಿತು.
ಬರೆದುಕೊಟ್ಟದ್ದು ಹತ್ತು ದಿನಕ್ಕೆ, ರಾತ್ರಿಗೊಂದು.
ಆ ಮೊದಲ ರಾತ್ರಿ, ಸುಳ್ಳು ಯಾಕೆ ಹೇಳಲಿ,
ನೋವಷ್ಟೇ ಹೋದದ್ದಲ್ಲ.
ಚೀಟಿ ಬಾಕಿ, ಅಪ್ಪ ಸಾಯುವಾಗ ಆಡಿದ ಮಾತು,
ಎಲ್ಲ ಪಕ್ಕದ ಮನೆಯ ಟಿವಿಯಷ್ಟು ದೂರ ಹೋಗಿ ಕೂತವು.
ಹಾಸಿಗೆಯ ಕೆಳಗೆ ಯಾರೋ ಇನ್ನೊಂದು ಹಾಸಿಗೆ ಹಾಸಿದ್ದರು.

ಗೌರಿ ಹಬ್ಬಕ್ಕೆ ಎರಡು ಬೇಕಾಯಿತು.
ದೀಪಾವಳಿಗೆ ಐದು.
ಅಂಗಡಿಯ ದಿಲೀಪ ಚೀಟಿ ಕೇಳುವುದ ಬಿಟ್ಟ,
ನಾನು ಚಿಲ್ಲರೆ ಕೇಳುವುದ ಬಿಟ್ಟೆ.

ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಜಬೀನ್
ರಿಪೋರ್ಟಿನ ಬೆನ್ನಿಗೆ ಎರಡು ಕೊಂಬೆ ಬರೆದರು, ನಡುವೆ ಒಂದು ಸಂದು.
"ಇದೂ ನರ, ಇದೂ ನರ. ದಡದಲ್ಲಿ ಬಾಗಿಲುಗಳು.
ದಿನಾ ಬಂದು ಬಡಿದರೆ
ಮಿದುಳು ಬಾಗಿಲನ್ನೇ ಕಿತ್ತು ಗೋಡೆ ಎಬ್ಬಿಸುತ್ತೆ."
ಸ್ವಲ್ಪ ಹೊತ್ತು ಸುಮ್ಮನಿದ್ದೆ.
ಮೇಡಂ, ಇದು ಮೋಟರಿನ ಕತೆ, ಅಂದೆ.

ಮೂಲೆ ಮನೆಯ ಸರೋಜಮ್ಮ ಮೋಟರು ತಂದು
ಬೋರ್ಡಿನ ಪೈಪಿಗೇ ಹಚ್ಚಿ ಎಳೆದಳು.
ಒಂದು ವಾರ ಅವಳ ಸಂಪು ಉಕ್ಕಿ ಬೀದಿಗೆ ಹರಿಯಿತು.
ಮೇಲಿನವರು ಹೇಳಿದರು: ಆ ಲೈನಿಗೆ ಅರ್ಧ ತಿರುವು ಕಮ್ಮಿ ಮಾಡು.
ಮಾಡಿದೆ.
ಅವಳು ಇನ್ನೂ ದೊಡ್ಡ ಮೋಟರು ತಂದಳು.
ಮತ್ತೆ ಅರ್ಧ ತಿರುವು.
ಕೊನೆಗೆ ಮೋಟರು ಹಾಕಿದರೆ ಮೊದಲಿನಷ್ಟೇ ಒಂದು ಬಿಂದಿಗೆ,
ಹಾಕದಿದ್ದರೆ ನಲ್ಲಿಯಲ್ಲಿ ಹಲ್ಲಿ.

"ತಿರುಗಿಸಿದ್ದು ಯಾರು?" ಡಾಕ್ಟರು ಕೇಳಿದರು.
ನಾನೇ, ಮೇಡಂ.
ತಲೆಯೊಳಗೂ ಒಬ್ಬ ಕೂತಿರಬೇಕು ನನ್ನ ಹಾಗೇ,
ಕೀಲಿ ಹಿಡಿದು, ಪಾಪ, ನಿಯತ್ತಿನವನು.
ಹೆಚ್ಚಾದರೆ ಇಳಿಸುವುದು, ಅಷ್ಟೇ ಅವನಿಗೆ ಗೊತ್ತು.

ಬಿಟ್ಟ ಎರಡನೇ ದಿನ ಮೈಯ ನಲ್ಲಿಗಳೆಲ್ಲ
ಒಟ್ಟಿಗೆ ಸೋರಿದವು: ಕಣ್ಣು, ಮೂಗು, ಬೆವರು, ಹೊಟ್ಟೆ.
ಕಾಲು ತಾನಾಗಿ ಒದೆಯಿತು.
ಹೆಂಡತಿ ವಿಮಲಾ ಬಕೆಟ್ಟು ಬದಲಿಸುತ್ತಾ
ಬಯ್ಯಲೂ ಇಲ್ಲ. ಬಯ್ದಿದ್ದರೆ ಚೆನ್ನಿತ್ತು.

ಪಂಪ್‌ಹೌಸಿನ ಅಂತೋಣಿಯೂ ಬಿಟ್ಟಿದ್ದ, ನನಗಿಂತ ಮೊದಲೇ.
ಎಪ್ಪತ್ತು ದಿನ. ಕೆನ್ನೆ ತುಂಬಿಕೊಂಡಿದ್ದವು.
ತಂಗಿ ಮದುವೆಯ ರಾತ್ರಿ, ಒಂದೇ ಸಲ ಅಂತ,
ತನ್ನ ಹಳೆಯ ಲೆಕ್ಕವನ್ನೇ ನುಂಗಿದ.
ಒಳಗಿನವನು ಅಷ್ಟರಲ್ಲಿ
ಒಂದೊಂದೇ ತಿರುವು ವಾಪಸ್ಸು ಬಿಚ್ಚಿ, ಲೈನು ಪೂರಾ ತೆರೆದಿಟ್ಟಿದ್ದ.
ಬೆಳಗ್ಗೆ ಎಬ್ಬಿಸಲು ಹೋದವರು
ಅವನ ಹೊಸ ಬೂಟು ಬಿಚ್ಚುತ್ತಾ ಕೂತರು.

ನನಗೀಗ ಎರಡು ವರ್ಷ, ನಾಲ್ಕು ತಿಂಗಳು.
ನೀರು ಬರುವ ಮುಂಚೆ ನಲ್ಲಿ ಬುಸುಗುಡುತ್ತದೆ, ಬರೀ ಗಾಳಿ.
ಆ ಸದ್ದಿಗೇ ಬೀದಿಯ ಬಿಂದಿಗೆಗಳೆಲ್ಲ ಓಡಿ ಬರುತ್ತವೆ.
ನಿನ್ನೆ ಮಗುವಿಗೆ ಜ್ವರ.
ವಿಮಲಾ ಅಡುಗೆಮನೆಯಲ್ಲಿ ಮಾತ್ರೆಯ ಬೆಳ್ಳಿ ಹಾಳೆ ಒತ್ತಿದಳು.
ಚಟ್.
ನನ್ನ ಬಾಯಲ್ಲಿ ನೀರೂರಿತು.
ಅವಳು ತಿರುಗಿ ನೋಡಿದಳು.
ಗೊತ್ತಾಯಿತು ಅವಳಿಗೆ.
ಉಳಿದ ಮಾತ್ರೆಗಳನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು,
"ಮೂರೂವರೆ ಆಯ್ತು, ಕೀಲಿ ತಗೊಳ್ಳಿ" ಅಂದಳು.